ಗಿಡ್ಡ ಬೇಸ್ ಗಿಟಾರಿನ ಕಥೆ

ಕಳೆದ ರಾಜ್ಯೋತ್ಸವ ಸಮಾರಂಭದಲ್ಲಿ ನಮ್ಮ ಸಂಘದ ವಾದ್ಯವೃಂದವು ಕೆಲವು ಭಾವಗೀತೆಗಳನ್ನೂ ಹಳೆಯ ಚಿತ್ರಗೀತೆಗಳನ್ನೂ ನುಡಿಸಿದ್ದು ಸದಸ್ಯರಿಗೆ ನೆನಪಿರಬಹುದು. ಹಾಡು ಮುಗಿದು ಜನರೆಲ್ಲ ಬಿಸಿಬೇಳೆ ಭಾತಿನ ಸಾಲಿಗೆ ಸೇರಿಕೊಳ್ಳುತ್ತಿದ್ದಾಗ ಎಂಟು ವರ್ಷದ ಬಾಲಕನೊಬ್ಬ ವೇದಿಕೆಯ ಬಳಿ ಬಂದ. ನಮ್ಮ ಕೈಯಲ್ಲಿದ್ದ ವಾದ್ಯವನ್ನು ತೋರಿಸಿ, "ಅಂಕಲ್, ಇದು ನಿಜವಾದ ಗಿಟಾರಾ, ಮಕ್ಕಳ ಗಿಟಾರಾ?" ಎಂದು ಕೇಳಿದ. ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅವನ ಅಜ್ಜಿ, "ಸುಮ್ನಿರೋ, ಹಾಗೆಲ್ಲ ಕೇಳಬಾರ್ದು" ಎಂದು ಗದರಿದರು. ಮರುಕ್ಷಣವೇ ತಾವೇ, "ಆದ್ರೂ ಇದು ಪಿಟೀಲಿನ ಹಾಗೇ ಇದೆಯಲ್ಲಪ್ಪಾ?" ಎಂದರು.

ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಆದರೆ ಭಾತಿನ ಸಾಲಿನಲ್ಲಿ ನಿಂತು ಉತ್ತರಿಸುವಂಥದ್ದಲ್ಲ. ಪಕ್ಕದಲ್ಲೇ ಇದ್ದ ಸಂಪಾದಕರು, "ಹಾಗಾದರೆ ಬರೆದೇ ಕೊಡಿ" ಎಂದು ಹಿಡಿದುಕೊಂಡರು. ರಸಾಯನಶಾಸ್ತ್ರದವರಾದ ನಮಗೆ ಚರಿತ್ರೆ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ವಾಚಕರು ಮನ್ನಿಸಬೇಕು.

ಮೊದಲು ನಮ್ಮ ಸ್ವಂತ ವಿಷಯ ಸ್ವಲ್ಪ. ವಿದ್ಯಾರ್ಥಿಯಾಗಿದ್ದ ದಿನಗಳಿಂದಲೂ ನಾವು ನುಡಿಸುತ್ತಿದ್ದುದು ಉದ್ದ ದಂಡಿಯ, ನಾಲ್ಕು ಕಿಲೋ ತೂಕದ ಬೇಸ್ ಗಿಟಾರನ್ನು. ಹಗಲೆಲ್ಲ ಪ್ರಯೋಗಶಾಲೆಯಲ್ಲಿ ಪಿಪೆಟ್ ಒತ್ತಿ ಒತ್ತಿ, ಸಂಜೆ ಆ ದಂಡಿಯ ಮೇಲೆ ಬೆರಳು ಚಾಚಿ ಚಾಚಿ, ಮೂರು ವರ್ಷದ ಹಿಂದೆ ಎಡ ಮಣಿಕಟ್ಟು ಮುಷ್ಕರ ಹೂಡಿತು. ವೈದ್ಯರು, "ಪಿಪೆಟ್ ಬಿಡಲಾರಿರಿ, ಗಿಟಾರನ್ನಾದರೂ ಬಿಡಿ" ಎಂದರು. ಬೇಸರದಿಂದ ಒಂದು ವಾದ್ಯದ ಅಂಗಡಿಗೆ ಹೋಗಿ ಗೋಡೆಯ ಮೇಲೆ ತೂಗುಹಾಕಿದ್ದ ಗಿಡ್ಡ ಬೇಸೊಂದನ್ನು ಕೇಳಿದೆವು. ಅಲ್ಲಿನ ಯುವಕ ನಮ್ಮ ಬಿಳಿಗೂದಲನ್ನು ನೋಡಿ, "ಅದು ಶಾಲೆಯ ಮಕ್ಕಳಿಗೆ, ನಿಮಗೆ ಬೇಡ" ಎಂದ. ನಾವು ಬರಿಗೈಯಲ್ಲಿ ಮನೆಗೆ ಬಂದೆವು. ಉದ್ದನೆಯದು ದೊಡ್ಡವರದು, ಗಿಡ್ಡನೆಯದು ಮಕ್ಕಳದು ಎಂದು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅದನ್ನು ಹಿಂಬಾಲಿಸಿ ಹೋದಾಗ ಆ ಕಥೆಯ ಮುಖ್ಯವಾದ ಅಧ್ಯಾಯ ನಡೆದದ್ದು ನಮ್ಮ ಮನೆಯಿಂದ ರೈಲಿನಲ್ಲಿ ಎರಡೇ ನಿಲ್ದಾಣ ದೂರದಲ್ಲಿ ಎಂದು ತಿಳಿದು ಆಶ್ಚರ್ಯವಾಯಿತು.

ಬೇಸ್ ಎಂದರೇನು, ಅಳತೆ ಎಂದರೇನು?

ಬೆಂಗಳೂರಿನ ಗಣೇಶೋತ್ಸವದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ಕೇಳಿ ಬೆಳೆದವರಿಗೆ ಬೇಸ್ ಗಿಟಾರಿನ ಪರಿಚಯ ಹೊಟ್ಟೆಯ ಮೂಲಕವೇ ಆಗಿರುತ್ತದೆ. ಗಾಯಕನ ಹಿಂದೆ ಮೂಲೆಯಲ್ಲಿ ನಿಂತವನೊಬ್ಬ ನಾಲ್ಕು ದಪ್ಪ ತಂತಿಗಳನ್ನು ಮೀಟುತ್ತಿರುತ್ತಾನೆ. ಸ್ವರ ಕಿವಿಗಿಂತ ಮೊದಲು ಎದೆಗೂ ಹೊಟ್ಟೆಗೂ ತಟ್ಟುತ್ತದೆ. ಮೃದಂಗದ ತೊಪ್ಪಿಗೂ ತಂಬೂರಿಯ ಮಂದ್ರ ತಂತಿಗೂ ಸೇರಿ ಇರುವ ಕೆಲಸವನ್ನು ಅವನೊಬ್ಬನೇ ಮಾಡುತ್ತಾನೆ ಎನ್ನಬಹುದು: ತಾಳಕ್ಕೆ ಬುಡ, ಶ್ರುತಿಗೆ ಬುಡ. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ; ಮಾಮೂಲು ಗಿಟಾರಿನ ಕೆಳ ತಂತಿಗಿಂತ ಒಂದು ಸ್ಥಾಯಿ ಕೆಳಗೆ.

ವೀಣೆಯಲ್ಲಿರುವಂತೆ ಇದರಲ್ಲೂ ಕುದುರೆ, ಮೆಟ್ಟಿಲು, ಬಿರಡೆಗಳಿವೆ. ತೆರೆದ ತಂತಿ ಕುದುರೆಯಿಂದ ದಂಡಿಯ ಮೇಲ್ತುದಿಯ ಪಟ್ಟಿಯವರೆಗೆ ಎಷ್ಟು ಉದ್ದ ಕಂಪಿಸುತ್ತದೆಯೋ ಅದನ್ನು ಗಿಟಾರಿನವರು 'ಸ್ಕೇಲ್' ಎನ್ನುತ್ತಾರೆ. ಇಂದು ಸಾಮಾನ್ಯವೆನಿಸಿರುವುದು 34 ಅಂಗುಲ, ಅಂದರೆ 86 ಸೆಂಟಿಮೀಟರಿಗೆ ತುಸು ಹೆಚ್ಚು. 30 ಅಂಗುಲದ ಆಸುಪಾಸಿನದಕ್ಕೆ, ಅಂದರೆ ಸುಮಾರು 76 ಸೆಂಟಿಮೀಟರಿನದಕ್ಕೆ, 'ಶಾರ್ಟ್ ಸ್ಕೇಲ್' ಎಂದು ಹೆಸರು. ನಾವು ಗಿಡ್ಡ ಬೇಸ್ ಎನ್ನುತ್ತಿರುವುದು ಇದನ್ನೇ. ವ್ಯತ್ಯಾಸ ಬರೀ ಒಂದು ಗೇಣಿನ ಅರ್ಧದಷ್ಟು. ಆದರೆ ರಾತ್ರಿಯೆಲ್ಲ ನಿಂತು ನುಡಿಸುವವನಿಗೆ ಆ ಅರ್ಧ ಗೇಣಿನ ಬೆಲೆ ಗೊತ್ತು.

ಮೊದಲು ಹುಟ್ಟಿದ್ದು ಗಿಡ್ಡದ್ದೇ

ವಿದ್ಯುತ್ತಿನ ಬೇಸ್ ಬರುವ ಮುನ್ನ ಪಾಶ್ಚಾತ್ಯ ನೃತ್ಯವೃಂದಗಳಲ್ಲಿ ಮಂದ್ರ ಸ್ವರಕ್ಕೆ ಇದ್ದದ್ದು ಡಬಲ್ ಬೇಸ್, ಅಂದರೆ ಆಳೆತ್ತರದ ಪಿಟೀಲು. ಅದರ ತಂತಿಯ ಉದ್ದ ಒಂದು ಮೀಟರಿಗಿಂತ ಹೆಚ್ಚು. ಅದನ್ನು ಊರಿಂದೂರಿಗೆ ಕಾರಿನ ಮೇಲೆ ಕಟ್ಟಿ ಸಾಗಿಸಿ, ಮಳೆಯಿಂದ ಕಾಪಾಡಿ, ವೇದಿಕೆಗೆ ಏರಿಸಿದ ಮೇಲೆ, ಕಹಳೆಗಳ ಅಬ್ಬರದಲ್ಲಿ ಅದರ ದನಿಯೇ ಕೇಳುತ್ತಿರಲಿಲ್ಲ.

ಅಮೆರಿಕದ ಸಿಯಾಟಲ್ ನಗರದಲ್ಲಿ ಸಂಗೀತ ಕಲಿಸುತ್ತಿದ್ದ ಪಾಲ್ ಟುಟ್‌ಮಾರ್ಕ್ ಎಂಬವರು ಈ ಪಾಡನ್ನು ಕಂಡು, 1930ರ ದಶಕದ ಮಧ್ಯದಲ್ಲಿ 'ಆಡಿಯೋವಾಕ್ಸ್ 736' ಎಂಬ ವಾದ್ಯವನ್ನು ತಯಾರಿಸಿದರು. ಘನ ಮರದ ಒಡಲು, ಮೆಟ್ಟಿಲುಗಳಿರುವ ದಂಡಿ, ವಿದ್ಯುತ್ ಪಿಕಪ್ಪು; ಕೊರಳಿಗೆ ತೂಗುಹಾಕಿಕೊಂಡು ಅಡ್ಡಲಾಗಿ ಹಿಡಿದು ನುಡಿಸಬಹುದು. ಬೇಸ್ ಗಿಟಾರಿನ ಎಲ್ಲ ಲಕ್ಷಣಗಳೂ ಅದರಲ್ಲಿದ್ದವು. ತಂತಿಯ ಉದ್ದ 30 ಅಂಗುಲಕ್ಕೆ ಚೂರು ಹೆಚ್ಚು! ಎಂದರೆ ಈ ವಂಶದ ಹಿರಿಯಣ್ಣನೇ ಗಿಡ್ಡ. ಆದರೆ ಕಾಲ ಕೂಡಿಬರಲಿಲ್ಲ. ಕೆಲವೇ ವಾದ್ಯಗಳು ತಯಾರಾಗಿ, ಊರಾಚೆಗೆ ಸುದ್ದಿಯಾಗದೆ ಮರೆಯಾದವು.

34 ಅಂಗುಲವನ್ನು ನೆಲೆಗೊಳಿಸಿದವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಈತನಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ನುಡಿಸುವವರ ಕಷ್ಟವನ್ನು ಕಿವಿಗೊಟ್ಟು ಕೇಳುತ್ತಿದ್ದರು. 1951ರಲ್ಲಿ ಇವರ 'ಪ್ರಿಸಿಷನ್ ಬೇಸ್' ಹೊರಬಂತು. ಬೆಲೆ 199 ಡಾಲರ್ 50 ಸೆಂಟು. ಮೆಟ್ಟಿಲುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆಂದು ಆ ಹೆಸರು. ಲಯನಲ್ ಹ್ಯಾಂಪ್ಟನ್‌ರ ಜಾಝ್ ತಂಡದಲ್ಲಿ ಮಾಂಕ್ ಮಾಂಟ್ಗೊಮರಿಯವರಂಥ ವಾದಕರು ಇದನ್ನು ಊರೂರಿಗೆ ಕೊಂಡೊಯ್ದರು. 34 ಎಂಬುದು ಪ್ರಕೃತಿನಿಯಮವಲ್ಲ. ಡಬಲ್ ಬೇಸಿನ ಉದ್ದಕ್ಕೂ ಗಿಟಾರಿನ ಉದ್ದಕ್ಕೂ ನಡುವೆ ಒಬ್ಬ ಜಾಣ ಕುಶಲಕರ್ಮಿ ಮಾಡಿಕೊಂಡ ಒಪ್ಪಂದ ಅದು. ಒಪ್ಪಂದ ಚೆನ್ನಾಗಿತ್ತು, ವಾದ್ಯ ಗೆದ್ದಿತು. ಗೆದ್ದವನ ಅಳತೆಯೇ ಎಲ್ಲರ ಅಳತೆಯಾಯಿತು.

ಆದರೂ ಎಲ್ಲರೂ ಒಪ್ಪಲಿಲ್ಲ. ಮಿಷಿಗನ್ ಪ್ರಾಂತದ ಕಾಲಮಝೂ ನಗರದ ಗಿಬ್ಸನ್ ಕಂಪನಿ 1953ರಲ್ಲಿ ತನ್ನ ಮೊದಲ ವಿದ್ಯುತ್ ಬೇಸನ್ನು ತಂದಾಗ ತಂತಿಯ ಉದ್ದವನ್ನು ಮೂವತ್ತೂವರೆ ಅಂಗುಲಕ್ಕೆ ಇಟ್ಟಿತು. ಆಕಾರ ಪಿಟೀಲಿನದು. ಡಬಲ್ ಬೇಸಿನವರಿಗೆ ಹೊಸತೆಂದು ಅಂಜಿಕೆಯಾಗದಿರಲಿ ಎಂದು, ನೆಲಕ್ಕೆ ಊರಿ ನಿಲ್ಲಿಸಿ ನುಡಿಸಲು ಎಳೆದು ಉದ್ದಮಾಡುವ ಒಂದು ಕಾಲನ್ನೂ ಕೊಟ್ಟಿದ್ದರು.

ನಿರಾಶ್ರಿತರ ಹಳ್ಳಿ

ಇನ್ನು ನಮ್ಮ ನೆರೆಯ ಅಧ್ಯಾಯ. ಎರ್ಲಾಂಗೆನ್ ನಗರದ ಉತ್ತರಕ್ಕೆ ಬುಬೆನ್‌ರಾಯ್ಟ್ ಎಂಬ ಸಣ್ಣ ಊರಿದೆ. ಬಾಂಬರ್ಗ್ ಕಡೆಗೆ ರೈಲಿನಲ್ಲಿ ಹೋಗುವ ನಮ್ಮ ಸದಸ್ಯರು ಆ ನಿಲ್ದಾಣವನ್ನು ನೂರು ಸಲ ದಾಟಿರುತ್ತಾರೆ, ಇಳಿದಿರುವುದಿಲ್ಲ. ನಾವೂ ಏಳು ವರ್ಷ ಹಾಗೆಯೇ ದಾಟಿದವರು.

ಜರ್ಮನಿಯ ಗಡಿಗೆ ಹೊಂದಿಕೊಂಡ ಬೊಹೀಮಿಯದಲ್ಲಿ ಷೋನ್‌ಬಾಖ್ ಎಂಬ ಪಟ್ಟಣವಿತ್ತು. ಇಂದು ಅದು ಝೆಕ್ ಗಣರಾಜ್ಯದ ಲುಬಿ. ತಲೆತಲಾಂತರದಿಂದ ಅಲ್ಲಿನ ಮನೆಮನೆಯಲ್ಲೂ ಪಿಟೀಲಿನ ಕೆಲಸ. ಒಂದು ಮನೆಯಲ್ಲಿ ದಂಡಿ, ಇನ್ನೊಂದರಲ್ಲಿ ಒಡಲು, ಮತ್ತೊಂದರಲ್ಲಿ ಬಿರಡೆ; ನಮ್ಮ ಚನ್ನಪಟ್ಟಣದ ಗೊಂಬೆಯವರ ಬೀದಿಗಳನ್ನು ನೆನೆದುಕೊಂಡರೆ ಆ ಊರಿನ ಚಿತ್ರ ಕಣ್ಣಿಗೆ ಬಂದೀತು. ಕಾರ್ಲ್ ಹೋಫ್ನರ್ ಎಂಬ ಪಿಟೀಲು ತಯಾರಕ 1887ರಲ್ಲಿ ಅಲ್ಲಿ ತನ್ನ ಸಂಸ್ಥೆ ತೆರೆದ. ಅವನ ಮಕ್ಕಳಾದ ಯೋಸೆಫ್ ಮತ್ತು ವಾಲ್ಟರ್ ಅದನ್ನು ಬೆಳೆಸಿದರು.

ಎರಡನೆಯ ಮಹಾಯುದ್ಧ ಮುಗಿದು, ಹಿಟ್ಲರನ ಆಡಳಿತ ಮಾಡಿದ ಅನ್ಯಾಯಗಳ ಬೆನ್ನಿಗೇ, ಝೆಕೊಸ್ಲೊವಾಕಿಯದಲ್ಲಿದ್ದ ಜರ್ಮನ್ ಭಾಷಿಕರನ್ನು 1945-46ರಲ್ಲಿ ದೇಶದಿಂದ ಹೊರಹಾಕಲಾಯಿತು. ಷೋನ್‌ಬಾಖಿನವರೂ ಮನೆ, ಕಾರ್ಯಾಗಾರ, ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಮರ, ಎಲ್ಲವನ್ನೂ ಬಿಟ್ಟು ಕೈಗೆ ಸಿಕ್ಕ ಗಂಟಿನೊಂದಿಗೆ ಗಡಿ ದಾಟಿದರು. ಅವರಲ್ಲಿ ಹಲವರು ಬಂದು ಸೇರಿದ್ದು ಎರ್ಲಾಂಗೆನ್ ಸುತ್ತಿನ ಹಳ್ಳಿಗಳಿಗೆ. ಫ್ರೆಡ್ ವಿಲ್ಫರ್ ಎಂಬವರು ಚದುರಿಹೋದ ಕುಶಲಕರ್ಮಿಗಳನ್ನು ಒಂದುಗೂಡಿಸಲು 1946ರಲ್ಲಿ 'ಫ್ರಾಮುಸ್' ಕಂಪನಿ ಸ್ಥಾಪಿಸಿದರು. ಫ್ರಾಂಕೋನಿಯದ ಸಂಗೀತೋದ್ಯಮ ಎಂಬುದರ ಮೊಟಕು ಅದು. 1949ರಲ್ಲಿ ಬುಬೆನ್‌ರಾಯ್ಟ್ ಗ್ರಾಮದವರು ಒಂದು ನಿರ್ಧಾರ ಕೈಗೊಂಡರು: ಈ ವಾದ್ಯದವರೆಲ್ಲ ನಮ್ಮಲ್ಲಿಗೆ ಬರಲಿ, ಜಾಗ ಕೊಡುತ್ತೇವೆ. ಬೇಸಾಯ ನಂಬಿದ್ದ ಕೆಲವೇ ನೂರು ಜನರ ಹಳ್ಳಿ, ತನಗಿಂತ ಹಲವು ಪಟ್ಟು ಹೆಚ್ಚು ಪರಊರಿನವರನ್ನು ಬರಮಾಡಿಕೊಂಡಿತು. ಪಿಟೀಲು ತಯಾರಕರ ಬಡಾವಣೆ ಎಂದೇ ಹೆಸರಾದ ಅಲ್ಲಿನ ಬೀದಿಗಳಲ್ಲಿ ಒಂದು ಭಾನುವಾರ ನಾವು ಸಂಸಾರ ಸಮೇತ ಅಡ್ಡಾಡಿ ಬಂದೆವು. ಸಾಲಾಗಿ ಸಣ್ಣ ಮನೆಗಳು, ಹಿತ್ತಿಲಲ್ಲಿ ಸೇಬಿನ ಗಿಡ. ಸ್ವಇಚ್ಛೆಯಿಂದ ಎರಡು ಪೆಟ್ಟಿಗೆ ಹಿಡಿದು ವಿಮಾನದಲ್ಲಿ ಬಂದಿಳಿದ ನಾವು, ಹಾಗೆ ಬಂದವರ ಪಾಡಿನೊಂದಿಗೆ ನಮ್ಮದನ್ನು ಹೋಲಿಸಿಕೊಳ್ಳಬಾರದು. ಆದರೂ ಅಪರಿಚಿತರಿಗೆ ಜಾಗ ಕೊಟ್ಟ ಊರೊಂದು ಏನನ್ನು ಪಡೆಯಿತು ಎಂಬುದು ಪರದೇಶದಲ್ಲಿರುವ ಎಲ್ಲರಿಗೂ ಯೋಚಿಸತಕ್ಕ ವಿಷಯ.

ಹೋಫ್ನರ್ ಕುಟುಂಬವೂ ಬುಬೆನ್‌ರಾಯ್ಟಿನಲ್ಲಿ ಕಾರ್ಖಾನೆ ಕಟ್ಟಿತು. ವಾಲ್ಟರ್ ಹೋಫ್ನರ್ 1955ರಲ್ಲಿ ಒಂದು ವಿದ್ಯುತ್ ಬೇಸನ್ನು ರೂಪಿಸಿ, ಮರುವರ್ಷ ಫ್ರಾಂಕ್‌ಫರ್ಟಿನ ವಾದ್ಯಮೇಳದಲ್ಲಿ ತೋರಿಸಿದರು. ಹೆಸರು ಬರೀ ಸಂಖ್ಯೆ: '500/1'. ಪಿಟೀಲಿನ ಮನೆತನದವರಲ್ಲವೇ, ಆಕಾರ ಪಿಟೀಲಿನದೇ ಆಯಿತು. (ಅಜ್ಜಿಯವರ ಕಣ್ಣು ಎಷ್ಟು ಸೂಕ್ಷ್ಮ ನೋಡಿ!) ಮೇಲುಹಾಸು ಸ್ಪ್ರೂಸ್ ಮರ, ಬೆನ್ನು ಮತ್ತು ಪಕ್ಕ ಮೇಪಲ್ ಮರ, ಒಳಗೆ ಟೊಳ್ಳು. ಫೆಂಡರ್ ಮರದ ಹಲಗೆಯನ್ನು ಕೊಯ್ದು ವಾದ್ಯ ಮಾಡಿದರೆ, ಇವರು ಪಿಟೀಲು ಕಟ್ಟುವ ರೀತಿಯಲ್ಲೇ ಕಟ್ಟಿದರು. ತಂತಿಯ ಉದ್ದ 30 ಅಂಗುಲ. ತೂಕ ಎರಡೂವರೆ ಕಿಲೋಗಿಂತ ಹೆಚ್ಚಿಲ್ಲ. ಒಂದು ಸಂಚಿ ಅಕ್ಕಿ ಹೊತ್ತಂತೆ.

ಹ್ಯಾಂಬರ್ಗಿನ ರಾತ್ರಿಗಳು

1961ರ ವಸಂತದಲ್ಲಿ ಲಿವರ್‌ಪೂಲಿನ ಯುವಕರ ತಂಡವೊಂದು ಹ್ಯಾಂಬರ್ಗಿನ 'ಟಾಪ್ ಟೆನ್' ಕ್ಲಬ್ಬಿನಲ್ಲಿ ಮೂರು ತಿಂಗಳು ನುಡಿಸಿತು. ದಿನವೂ ರಾತ್ರಿ ಏಳೆಂಟು ಗಂಟೆ ವೇದಿಕೆಯ ಮೇಲೆ ನಿಂತಿರಬೇಕು. ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆ ಕಲಿಯಲು ತಂಡ ಬಿಟ್ಟ. ಆ ಕೆಲಸ ಬೇರೆ ಯಾರಿಗೂ ಬೇಡವಾಗಿ ಪಾಲ್ ಮೆಕಾರ್ಟ್ನಿ ಎಂಬ ಎಡಗೈಯವನ ಪಾಲಿಗೆ ಬಂತು. ಆ ತಂಡ ಬೀಟಲ್ಸ್ ಎಂದು ಹೇಳುವ ಅಗತ್ಯವಿಲ್ಲ.

ಮೆಕಾರ್ಟ್ನಿ ಹ್ಯಾಂಬರ್ಗಿನ ಅಂಗಡಿಯೊಂದರಲ್ಲಿ ಕೊಂಡದ್ದು ಹೋಫ್ನರ್ 500/1. ಕಾರಣಗಳನ್ನು ಅವರೇ ಹಲವು ಬಾರಿ ಹೇಳಿದ್ದಾರೆ, ಅದರಲ್ಲಿ ತತ್ತ್ವಜ್ಞಾನವೇನೂ ಇಲ್ಲ. ಫೆಂಡರ್ ಕೊಳ್ಳಲು ನೂರು ಪೌಂಡಿನ ಹತ್ತಿರ ಬೇಕು, ಹೋಫ್ನರಿಗೆ ಸುಮಾರು ಮೂವತ್ತು ಪೌಂಡು. ಎರಡನೆಯದಾಗಿ, ಪಿಟೀಲಿನ ಒಡಲು ಎರಡೂ ಕಡೆ ಒಂದೇ ಸಮ. ಎಡಗೈಯವನು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುವುದಿಲ್ಲ. ಹಗುರ ಎಂಬುದು ಕೈಗೆ ಬಂದ ಮೇಲೆ ತಿಳಿದ ಗುಣ. ರಾತ್ರಿ ಏಳೆಂಟು ಗಂಟೆ ಕೊರಳಿಗೆ ತೂಗುವ ವಾದ್ಯ ಹಗುರವಾಗಿದ್ದರೆ ಬೆರಳು ಸರಾಗವಾಗಿ ಓಡುತ್ತದೆ, ಜೊತೆಗೆ ಹಾಡುವುದೂ ಸುಲಭ. ಬಡ ಸಂಗೀತಗಾರನ ಲೆಕ್ಕಾಚಾರ ಒಂದು ಯುಗದ ನಾದವನ್ನು ನಿರ್ಧರಿಸಿತು.

ಬೀಟಲ್ಸರ ಎದುರಾಳಿಗಳೆನಿಸಿದ್ದ ರೋಲಿಂಗ್ ಸ್ಟೋನ್ಸ್ ತಂಡದಲ್ಲಿ ಬೇಸ್ ನುಡಿಸುತ್ತಿದ್ದವರು ಬಿಲ್ ವೈಮನ್. ಇವರ ಕೈಗಳು ಚಿಕ್ಕವು. ಗಿಡ್ಡ ಬೇಸುಗಳೇ ಇವರಿಗೆ ಒಗ್ಗಿದ್ದು. 1960ರ ದಶಕದಲ್ಲಿ ಇವರು ನುಡಿಸಿದ್ದು ಫ್ರಾಮುಸ್ ಕಂಪನಿಯ 'ಸ್ಟಾರ್ ಬೇಸ್'. ಆ ವೇಳೆಗೆ ಫ್ರಾಮುಸ್ ಕಾರ್ಖಾನೆಯೂ ಬುಬೆನ್‌ರಾಯ್ಟಿನಲ್ಲೇ ಇತ್ತು. ಇಂಗ್ಲೆಂಡಿನ ಅತಿ ಪ್ರಸಿದ್ಧವಾದ ಎರಡು ತಂಡಗಳ ಬುಡದ ನಾದ, ಮನೆ ಕಳೆದುಕೊಂಡು ಬಂದವರ ಒಂದೇ ಹಳ್ಳಿಯಿಂದ ಹೋಗಿದ್ದು! ಇದನ್ನು ತಿಳಿದ ಮೇಲೆ ನಾವು ಆ ರೈಲು ನಿಲ್ದಾಣವನ್ನು ದಾಟುವಾಗ ಪತ್ರಿಕೆಯಿಂದ ತಲೆ ಎತ್ತುತ್ತೇವೆ.

ಮೆಕಾರ್ಟ್ನಿಯವರ ಆ ಮೊದಲ ಹೋಫ್ನರಿಗೆ ಒಂದು ಉಪಕಥೆಯಿದೆ. 1972ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಂತಿದ್ದ ವ್ಯಾನಿನಿಂದ ಅದು ಕಳುವಾಯಿತು. ಅರ್ಧ ಶತಮಾನ ಪತ್ತೆಯಿರಲಿಲ್ಲ. ಕೆಲವು ಉತ್ಸಾಹಿಗಳು ಸಾರ್ವಜನಿಕರ ನೆರವು ಕೋರಿ ಹುಡುಕಿದಾಗ ಇಂಗ್ಲೆಂಡಿನ ಒಂದು ಮನೆಯ ಅಟ್ಟದ ಮೇಲೆ ಸಿಕ್ಕಿತು. ಅದು ಒಡೆಯರನ್ನು ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಇನ್ನೊಂದು ಸಂಗತಿ ನಮ್ಮ ವಾದಕ್ಕೆ ಮುಖ್ಯವಾದದ್ದು. 1965ರ ನಂತರ ಮೆಕಾರ್ಟ್ನಿ ಧ್ವನಿಮುದ್ರಣಕ್ಕೆ ಹೆಚ್ಚಾಗಿ ಉದ್ದ ದಂಡಿಯ ರಿಕನ್‌ಬ್ಯಾಕರ್ ಬಳಸತೊಡಗಿದರು. ಆದರೆ ಜನರೆದುರು ನಿಂತಾಗ, 1966ರ ಕೊನೆಯ ಪ್ರವಾಸದಲ್ಲೂ, 1969ರ ಜನವರಿ 30ರಂದು ಲಂಡನ್ನಿನ ಮಹಡಿಯ ಮೇಲೆ ನಡೆದ ಕಛೇರಿಯಲ್ಲೂ, ಕೈಯಲ್ಲಿದ್ದದ್ದು ಹೋಫ್ನರ್. ಕುರ್ಚಿಯ ಮೇಲೆ ಕೂತು ಹತ್ತು ಸಲ ತಿದ್ದಿ ನುಡಿಸುವ ವಾದ್ಯ ಬೇರೆ, ನಿಂತು ಹಾಡುತ್ತ ನುಡಿಸುವ ವಾದ್ಯ ಬೇರೆ ಎಂಬ ವಿವೇಕ ಇದು. 1980ರ ದಶಕದ ಕೊನೆಯಲ್ಲಿ ಮತ್ತೆ ವಿಶ್ವಪ್ರವಾಸಕ್ಕೆ ಹೊರಟಾಗಲೂ ಅವರು ಹಳೆಯ ಹೋಫ್ನರನ್ನೇ ಎತ್ತಿಕೊಂಡರು.

'ವಿದ್ಯಾರ್ಥಿ' ಎಂಬ ಪಟ್ಟಿ

ಹೀಗಿರುವಾಗ ಗಿಡ್ಡ ಬೇಸಿಗೆ 'ಮಕ್ಕಳದ್ದು' ಎಂಬ ಹೆಸರು ಹೇಗೆ ಅಂಟಿತು? ಉತ್ತರ ಕಂಪನಿಗಳ ಬೆಲೆಪಟ್ಟಿಯಲ್ಲಿದೆ. ಫೆಂಡರ್ ಕಂಪನಿ 1966ರಲ್ಲಿ 30 ಅಂಗುಲದ 'ಮಸ್ಟಾಂಗ್ ಬೇಸ್' ತಂದಿತು. ಕಂಪನಿಯ ಪಟ್ಟಿಯಲ್ಲಿ ಮಸ್ಟಾಂಗ್ ಎಂಬುದು ವಿದ್ಯಾರ್ಥಿಗಳ ಗಿಟಾರಿನ ಹೆಸರು. ಬೆಲೆ ಕಡಿಮೆ, ಬಣ್ಣ ಢಾಳು. ನಂತರ ಇನ್ನೂ ಅಗ್ಗದ ಗಿಡ್ಡ ಬೇಸುಗಳು ಬಂದವು. ಕೆಲವು ತಯಾರಕರು ಕಳಪೆ ಪಿಕಪ್ಪು, ಸಡಿಲ ಬಿರಡೆ ಹಾಕಿ ಮಾರಿದರು. ದೋಷ ಸಾಮಾನಿನದು, ಅಪವಾದ ಉದ್ದಕ್ಕೆ.

ವೃತ್ತಿನಿರತರು ಮಾತ್ರ ಪಟ್ಟಿ ನೋಡಿ ವಾದ್ಯ ಆರಿಸಲಿಲ್ಲ. ಕ್ರೀಮ್ ತಂಡದ ಜಾಕ್ ಬ್ರೂಸ್ ಗಿಬ್ಸನ್ನಿನ ಗಿಡ್ಡ 'ಇಬಿ-3'ರಲ್ಲಿ ಗಿಟಾರಿನವನಂತೆ ತಂತಿಗಳನ್ನು ಎಳೆದು, ಗಮಕವೆನ್ನಬಹುದಾದಂತೆ ನುಡಿಸಿ ಜನರನ್ನು ಬೆರಗುಗೊಳಿಸಿದರು. ಆ ಎಳೆತಕ್ಕೆ ತಂತಿ ಸಡಿಲವಾಗಿರಲೇಬೇಕು. ವೈಮನ್ ಮುಂದೆ ಮಸ್ಟಾಂಗ್ ಹಿಡಿದರು. ನ್ಯೂಯಾರ್ಕಿನಲ್ಲಿ 1975ರಲ್ಲಿ ಆರಂಭವಾದ ಟಾಕಿಂಗ್ ಹೆಡ್ಸ್ ತಂಡದ ಟೀನಾ ವೇಮೌತ್, ತಂಡಕ್ಕೆ ಬೇಕೆಂದೇ ಬೇಸ್ ಕಲಿತವರು, ಮಸ್ಟಾಂಗನ್ನೂ ಹೋಫ್ನರನ್ನೂ ನುಡಿಸಿದರು.

ಇವರೆಲ್ಲರಿಗಿಂತ ದೊಡ್ಡ ಸಾಕ್ಷಿ ಸ್ಟಾನ್ಲಿ ಕ್ಲಾರ್ಕ್. ಇವರು ಆರಡಿಗೂ ಎತ್ತರದ ಆಳು. ಒಂದು ಮೀಟರ್ ತಂತಿಯ ಡಬಲ್ ಬೇಸನ್ನು ಲೀಲಾಜಾಲವಾಗಿ ನುಡಿಸಬಲ್ಲ ಉದ್ದ ಬೆರಳುಗಳು. ಆದರೂ ವಿದ್ಯುತ್ ಬೇಸಿಗೆ ಬಂದಾಗ ಅವರು ಆರಿಸಿಕೊಂಡದ್ದು ಅಲೆಂಬಿಕ್ ಕಂಪನಿಯ ಮೂವತ್ತೂಮುಕ್ಕಾಲು ಅಂಗುಲದ ವಾದ್ಯ. 1976ರ 'ಸ್ಕೂಲ್ ಡೇಸ್' ಧ್ವನಿಮುದ್ರಿಕೆಯನ್ನು ಕೇಳಿದ ಮೇಲೆ ಗಿಡ್ಡ ಬೇಸ್ ಚಿಕ್ಕ ಕೈಯವರಿಗೆ ಮಾತ್ರ ಎನ್ನುವುದು ಕಷ್ಟ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು.

ಸ್ವಲ್ಪ ಲೆಕ್ಕ

ವಿಜ್ಞಾನಿಗೆ ಲೆಕ್ಕ ಬರೆಯದಿದ್ದರೆ ನಿದ್ದೆ ಬಾರದು. ಬೇಡವಾದವರು ಈ ಭಾಗವನ್ನು ಹಾರಿಸಬಹುದು. ಅದೇ ತಂತಿ, ಅದೇ ಸ್ವರ ಎಂದಿಟ್ಟುಕೊಂಡರೆ, ತಂತಿಯ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. 30ನ್ನು 34ರಿಂದ ಭಾಗಿಸಿ ವರ್ಗ ಮಾಡಿದರೆ 0.78. ಎಂದರೆ ಉದ್ದ ಶೇಕಡ 12 ಇಳಿದರೆ ಬಿಗಿತ ಶೇಕಡ 22 ಇಳಿಯುತ್ತದೆ. ಬೆರಳಿಗೆ ಸಿಗುವ ಸುಖದ ಗುಟ್ಟು ಇದೇ.

ಎರಡನೆಯದು, ಚಾಚು. ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಇರುವ ದೂರ ಉದ್ದ ಬೇಸಿನಲ್ಲಿ ಸುಮಾರು 13 ಸೆಂಟಿಮೀಟರು, ಗಿಡ್ಡದರಲ್ಲಿ ಹನ್ನೊಂದೂವರೆಗೆ ಹತ್ತಿರ. ಈ ಒಂದೂವರೆ ಸೆಂಟಿಮೀಟರು ಒಂದು ಹಾಡಿಗೆ ಏನೂ ಅಲ್ಲ. ಮದುವೆಮನೆಯಲ್ಲೋ ಹೋಟೆಲಿನಲ್ಲೋ ಮೂರು ಗಂಟೆಯಲ್ಲಿ ಮೂವತ್ತು ಹಾಡು ನುಡಿಸುವವನ ಮಣಿಕಟ್ಟಿಗೆ ಅದೇ ಎಲ್ಲ. ಮೇಲ್ತುದಿ ದೇಹಕ್ಕೆ ಹತ್ತಿರವಿರುವುದರಿಂದ ಎಡ ಭುಜ ಚಾಚುವುದೂ ಕಡಿಮೆ. ಇಕ್ಕಟ್ಟಾದ ವೇದಿಕೆಯಲ್ಲಿ ಪಕ್ಕದ ತಬಲದವನ ತಲೆಗೆ ದಂಡಿ ತಗಲುವುದಿಲ್ಲ; ರೈಲಿನಲ್ಲಿ ಮೇಲಿನ ಅಟ್ಟಣಿಗೆಯಲ್ಲಿ ಇಡಲು ಸುಲಭ. ಇನ್ನು ನಾದ: ಗಿಡ್ಡ ತಂತಿಯಲ್ಲಿ ಲೋಹದ ಕಿಣಿಕಿಣಿ ಕಡಿಮೆ, ಗುಂಡಗಿನ 'ಧುಂ' ಹೆಚ್ಚು. ಅದು ಗಾಯಕರ ದನಿಯ ಕೆಳಗೆ ಚಾಪೆ ಹಾಸಿದಂತೆ ಕೂತುಕೊಳ್ಳುತ್ತದೆ.

ದೋಷಗಳನ್ನೂ ಹೇಳಬೇಕು. ಬಿಗಿತ ಇಳಿದ ಕೆಳ ತಂತಿ ಸಡಿಲಗೊಂಡು ಮೆಟ್ಟಿಲಿಗೆ ತಾಗಿ ಝರ್ರೆನ್ನಬಹುದು. ಜೋರಾಗಿ ಮೀಟುವವನ ಕೈಯಲ್ಲಿ ಸ್ವರ ಕ್ಷಣಕಾಲ ಮೇಲೇರಿ ಇಳಿಯುತ್ತದೆ. ಇದಕ್ಕೆ ದಪ್ಪ ತಂತಿ ಹಾಕುವುದು ರೂಢಿ. ಅದೇ ಬಿಗಿತ ಬೇಕಾದರೆ ತಂತಿಯ ದಪ್ಪ ಶೇಕಡ 13 ಹೆಚ್ಚಬೇಕು ಎಂದು ಲೆಕ್ಕ ಹೇಳುತ್ತದೆ. ಆದರೆ ದಪ್ಪಗೂ ಗಿಡ್ಡಗೂ ಆದ ತಂತಿ ಬಾಗಲು ಒಲ್ಲೆನ್ನುತ್ತದೆ. ಅದರ ಉಪಸ್ವರಗಳು ಶ್ರುತಿಯಿಂದ ಚೂರು ಮೇಲೆ ಸರಿದು ನಾದ ಮಸುಕಾಗುತ್ತದೆ. ಹೋಫ್ನರಿನಂಥ ಟೊಳ್ಳು ವಾದ್ಯ ದೊಡ್ಡ ಸ್ಪೀಕರಿನ ಎದುರು ನಿಂತರೆ ಊಳಿಡುವುದೂ ಉಂಟು. ಒಂದು ಕಡೆ ಗಳಿಸಿದ್ದಕ್ಕೆ ಇನ್ನೊಂದು ಕಡೆ ಸುಂಕ ಕಟ್ಟಲೇಬೇಕು.

ಇಳಿತ ಮತ್ತು ಮರಳಿಕೆ

1980ರ ದಶಕದಲ್ಲಿ ಆ ಸುಂಕ ದುಬಾರಿಯಾಯಿತು. ಹೆಬ್ಬೆರಳಿನಿಂದ ಬಡಿದು ನುಡಿಸುವ, ಲೋಹದ ಹೊಳಪಿನ ನಾದ ಜನಪ್ರಿಯವಾಯಿತು. ಇನ್ನೂ ಕೆಳಗಿನ ಐದನೆಯ ತಂತಿಯುಳ್ಳ ಬೇಸುಗಳು ಬಂದವು. ಸೆಕೆಂಡಿಗೆ 31 ಕಂಪನದ ಆ ತಂತಿಗೆ ಉದ್ದ ಬೇಕೇ ಬೇಕು. 34 ಸಾಲದೆ 35 ಅಂಗುಲದವೂ ಬಂದವು. ಫ್ರಾಮುಸ್ ಕಂಪನಿ 1970ರ ದಶಕದಲ್ಲೇ ಮುಳುಗಿತ್ತು. ಫ್ರೆಡ್ ವಿಲ್ಫರರ ಮಗ 1982ರಲ್ಲಿ ಎರ್ಲಾಂಗೆನ್‌ನಲ್ಲಿ 'ವಾರ್ವಿಕ್' ಎಂಬ ಬೇಸ್ ಕಂಪನಿ ತೆರೆದು ಹೆಸರು ಮಾಡಿದ್ದು ಉದ್ದ ದಂಡಿಯ ವಾದ್ಯಗಳಿಂದಲೇ. ಆ ಕಂಪನಿ 1995ರಲ್ಲಿ ಸ್ಯಾಕ್ಸನಿಯ ಮಾರ್ಕ್‌ನ್ಯೂಕಿರ್ಖೆನ್ ಪಟ್ಟಣಕ್ಕೆ ಹೋಯಿತು. ಗಡಿಯ ಆಚೆ ಹತ್ತಿರದಲ್ಲೇ ಅವರ ಹಿರಿಯರು ಬಿಟ್ಟುಬಂದ ಷೋನ್‌ಬಾಖ್. ಗಾಣದೆತ್ತು ಸುತ್ತಿ ಬಂದಂತೆ ಅರ್ಧ ಶತಮಾನದಲ್ಲಿ ಒಂದು ಸುತ್ತು ಮುಗಿಯಿತು.

ಈ ಶತಮಾನದಲ್ಲಿ ಗಾಳಿ ಮತ್ತೆ ತಿರುಗಿದೆ. 1960ರ ದಶಕದ ಗುಂಡು ನಾದ ಮತ್ತೆ ಬೇಕೆನಿಸಿತು. ಯೌವನದಲ್ಲಿ ಭಾರದ ವಾದ್ಯ ಹೊತ್ತ ವಾದಕರ ಭುಜಗಳಿಗೆ ವಯಸ್ಸಾಯಿತು. 2016ರಲ್ಲಿ ಫೆಂಡರ್ ಕಂಪನಿ ಎರಡು ಬಗೆಯ ಪಿಕಪ್ಪುಗಳಿರುವ ಹೊಸ ಮಸ್ಟಾಂಗ್ ಬೇಸನ್ನು ತಂದಿತು. 30 ಅಂಗುಲಕ್ಕೆಂದೇ ತಂತಿ ಹೊಸೆಯುವವರೂ ಹೆಚ್ಚಿದರು.

ಮತ್ತೆ ನಮ್ಮ ವಿಷಯಕ್ಕೆ. ಇಷ್ಟೆಲ್ಲ ಓದಿ, ಬುಬೆನ್‌ರಾಯ್ಟಿನ ಬೀದಿ ಸುತ್ತಿ ಬಂದ ಮೇಲೆ, ನಾವು ಹಳೆಯ ಹೋಫ್ನರೊಂದನ್ನು ಎರಡನೆಯ ಕೈಯಲ್ಲಿ ಕೊಂಡೆವು. ಅದರಿಂದ ಮಣಿಕಟ್ಟು ಗುಣವಾಯಿತು ಎಂದು ಹೇಳುವುದಿಲ್ಲ. ಗುಣವಾದದ್ದು ವಿಶ್ರಾಂತಿಯಿಂದ, ವ್ಯಾಯಾಮದಿಂದ, ಪಿಪೆಟ್ಟಿನ ಕೆಲಸವನ್ನು ಹಂಚಿಕೊಂಡ ಸಹೋದ್ಯೋಗಿಗಳಿಂದ. ಆದರೆ ಪೂರ್ತಿ ಗುಣವಾಗುವ ತನಕ ಸಂಗೀತ ಬಿಡಬೇಕಾಗಲಿಲ್ಲ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ನುಡಿಸುತ್ತ ಉಳಿದೆವು. ಸಂಘದ ವಾದ್ಯವೃಂದದಲ್ಲಿ ನಮ್ಮ ಜಾಗವೂ ಉಳಿಯಿತು. ಉದ್ದನೆಯದು ಮನೆಯ ಮೂಲೆಯಲ್ಲಿದೆ. ಅದರ ಮೇಲೆ ನಮಗೆ ಕೋಪವಿಲ್ಲ.

ದೊಡ್ಡವರಿಗೆಂದು ಮಾಡಿದ ಅಳತೆಗೆ ನಮ್ಮ ಕೈ ಸಾಲದಿದ್ದರೆ ದೋಷ ಕೈಯದೇ ಎಂದು ನಾವು ತಿಳಿದಿದ್ದೆವು. ಆ ಅಳತೆಯೂ ಯಾರೋ ಒಬ್ಬರು, ಯಾವುದೋ ಒಂದು ವರ್ಷ, ತಮ್ಮ ಅಗತ್ಯ ನೋಡಿ ಇಟ್ಟದ್ದು ಎಂದು ತಿಳಿದುಕೊಳ್ಳುವುದೇ ಚರಿತ್ರೆ ಓದುವುದರ ಲಾಭವಿರಬೇಕು.

ಆ ಬಾಲಕನಿಗೆ ಉತ್ತರ: ಇದು ನಿಜವಾದದ್ದೂ ಹೌದು ಮರಿ, ಮಕ್ಕಳದ್ದೂ ಹೌದು. ಯುಗಾದಿಯ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಬಂದರೆ ನಿನ್ನ ಕೊರಳಿಗೇ ಹಾಕಿ ತೋರಿಸುತ್ತೇವೆ. ಇತರ ಮಕ್ಕಳೂ ಬರಬಹುದು. ಅಜ್ಜಿಯವರು ಅಷ್ಟರೊಳಗೆ ಊರಿಗೆ ಹೊರಟಿರದಿದ್ದರೆ ಅವರೂ ಬಂದು ಒಮ್ಮೆ ಮೀಟಿ ನೋಡಲಿ.